ಇವತ್ತಿನ ಡಿಗ್ರಿ ಸಾಲದು, ವರ್ಷದ ಗೆರೆ ನೋಡಿ

‘ಇವತ್ತು 36 ಡಿಗ್ರಿ’ ಅಂತ ಮೊಬೈಲ್ ತೋರಿಸುತ್ತೆ. ನೋಡ್ತೀವಿ, ಮರೀತೀವಿ. ಒಂದು ದಿನದ ಅಂಕಿಯಿಂದ ರೈತನಿಗೆ ಹೆಚ್ಚು ಉಪಯೋಗವಿಲ್ಲ. ದಿನದಿನದ ಅಂಕಿಗಳನ್ನು ಜೋಡಿಸಿ ಗ್ರಾಫ್ ಮಾಡಿದಾಗಲೇ ಅದು ಕೆಲಸಕ್ಕೆ ಬರೋದು.

ಇದು ಹವ್ಯಾಸದ ಮಾತಲ್ಲ, ದುಡ್ಡಿನ ಮಾತು. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ತೀರ್ಮಾನವಾಗೋದು ನಿಮ್ಮ ತೋಟ ನೋಡಿ ಅಲ್ಲ, ಗೊತ್ತುಪಡಿಸಿದ ಹವಾಮಾನ ಕೇಂದ್ರದ ಅಂಕಿ ನೋಡಿ. ನಮ್ಮ ರಾಜ್ಯದಲ್ಲಿ ಹೋಬಳಿ ಮಟ್ಟದಲ್ಲೇ ಇಂಥ ಕೇಂದ್ರಗಳಿವೆ. ಅವುಗಳ ಅಂಕಿ ಓದೋದು ನಮಗೂ ಗೊತ್ತಿರಬೇಕು.

‘ಆರ್’ ಎಂಬ ಸಾಫ್ಟ್‌ವೇರ್ ಪೂರ್ತಿ ಉಚಿತ. ಶೀಟ್‌ನಲ್ಲಿ ದಿನಾಂಕ, ಗರಿಷ್ಠ, ಕನಿಷ್ಠ ಅಂತ ಮೂರು ಕಾಲಂ ಬರೆದು ಸಿಎಸ್‌ವಿ ಫೈಲ್ ಮಾಡಿಕೊಂಡರೆ, ನಾಲ್ಕೈದು ಸಾಲಿನ ಕಮಾಂಡ್‌ಗೆ ಗ್ರಾಫ್ ಬರುತ್ತೆ. ಆದರೆ ನಾಲ್ಕು ವಿಷಯ ನೆನಪಿಡಿ.

1. ಸರಾಸರಿ ನಂಬಬೇಡಿ. ಹಗಲು 34, ರಾತ್ರಿ 16 ಇದ್ದರೂ ಸರಾಸರಿ 25. ಹಗಲು 28, ರಾತ್ರಿ 22 ಇದ್ದರೂ 25. ಆದರೆ ಟೊಮೆಟೊಗೆ ಇವೆರಡೂ ಒಂದೇ ಅಲ್ಲ. ರಾತ್ರಿ ಸೆಕೆ ಹೆಚ್ಚಾದರೆ ಕಾಯಿ ಕಚ್ಚೋದು ಕಡಿಮೆಯಾಗುತ್ತೆ. ಗರಿಷ್ಠಕ್ಕೊಂದು, ಕನಿಷ್ಠಕ್ಕೊಂದು ಗೆರೆ ಎಳೆಯಿರಿ.

2. ದಿನಾಂಕವನ್ನು ಸಾಫ್ಟ್‌ವೇರ್‌ಗೆ ದಿನಾಂಕವೆಂದೇ ತಿಳಿಸಿ. ಬರೀ ಅಕ್ಷರ ಅಂದುಕೊಂಡರೆ 01-02-2025 ಅನ್ನು 02-01-2025ಕ್ಕಿಂತ ಮೊದಲು ಇಟ್ಟುಬಿಡುತ್ತೆ. ಫೆಬ್ರವರಿ ಮುಂದೆ, ಜನವರಿ ಹಿಂದೆ!

3. ಮಾಹಿತಿ ಇಲ್ಲದ ದಿನಕ್ಕೆ ಸೊನ್ನೆ ಹಾಕಬೇಡಿ, ಖಾಲಿ ಬಿಡಿ. ಆಗ ಗೆರೆ ಅಲ್ಲಿ ತುಂಡಾಗುತ್ತೆ. ಆ ತುಂಡೇ ಮುಖ್ಯ: ಆ ದಿನಗಳ ಅಂಕಿ ಎಲ್ಲಿ ಹೋಯ್ತು ಅಂತ ಕೇಳಬಹುದು. ಹಲವು ದಿನ ಗೆರೆ ಕದಲದೆ ನೆಟ್ಟಗಿದ್ದರೆ ಸೆನ್ಸರ್ ಮೇಲೂ ಅನುಮಾನ ಪಡಿ.

4. ಎರಡು ವರ್ಷದ ಗೆರೆ ನೋಡಿ ‘ಹವಾಮಾನವೇ ಬದಲಾಯ್ತು’ ಅನ್ನಬೇಡಿ. ಹವಾಮಾನ ತಜ್ಞರು ‘ವಾಡಿಕೆ’ ಅನ್ನೋದು 30 ವರ್ಷದ ಸರಾಸರಿಯನ್ನು.

ಅದಕ್ಕೇ ನನ್ನದೊಂದು ಒತ್ತಾಯ: ಪ್ರತಿ ಕೇಂದ್ರದ ಹಳೆಯ ದಾಖಲೆ, ಅರ್ಜಿ-ಅಲೆದಾಟ ಇಲ್ಲದೆ, ಮೊಬೈಲ್‌ನಲ್ಲೇ ಇಳಿಸಿಕೊಳ್ಳುವ ಫೈಲ್ ಆಗಿ ರೈತರಿಗೆ ಸಿಗಬೇಕು. ಅಲ್ಲಿಯವರೆಗೆ ಕಾಯಬೇಡಿ. ದಿನಕ್ಕೆರಡು ಅಂಕಿ ಬರೆಯೋಕೆ ಒಂದು ನಿಮಿಷ ಸಾಕು. ಊರಲ್ಲಿ ಒಬ್ಬರು ಬರೆದು ವಾಟ್ಸಾಪ್ ಗುಂಪಿಗೆ ಗ್ರಾಫ್ ಹಾಕಿದರೂ ಎಲ್ಲರಿಗೂ ಆಗುತ್ತೆ. ವಿಮೆಯ ವಿಷಯ ಮಾತಾಡೋಕೆ ಹೋದಾಗ ‘ಬಿಸಿಲು ಜಾಸ್ತಿ ಇತ್ತು ಸಾರ್’ ಅನ್ನೋದಕ್ಕಿಂತ ಆ ಗ್ರಾಫ್‌ಗೆ ತೂಕ ಹೆಚ್ಚು.