ಚಾಕುವಿನ ಬೆಲೆಯೂ ತೋಟದ ಕೆಲಸವೂ

ಕೊಯ್ಲು ಮುಗಿದು ಗಿಡ ಕಸಿ, ಮರಗಸಿಯ ಕೆಲಸ ಹತ್ತಿರವಾದಂತೆ ನಮ್ಮ ಸದಸ್ಯರಲ್ಲಿ, ಅದರಲ್ಲೂ ತರುಣ ಬೆಳೆಗಾರರಲ್ಲಿ, ಒಂದು ಪ್ರಶ್ನೆ ಎದ್ದಿದೆ. ಸೈನಿಕರು ಬಳಸುವ ಮಾದರಿಯೆಂದು ಹೇಳಿ 'ಟ್ಯಾಕ್ಟಿಕಲ್' ಎಂಬ ಹೆಸರಿನಲ್ಲಿ ಮಾರುವ ವಿದೇಶಿ ಕಂಪೆನಿಗಳ ಚಾಕುಗಳು ಈಗ ಫೋನಿನಲ್ಲೇ ಹೇಳಿ ತರಿಸಿಕೊಳ್ಳುವಷ್ಟು ಸುಲಭವಾಗಿ ಸಿಗುತ್ತವೆ. ಬೆಲೆ ಮಾತ್ರ ಸಾವಿರಗಳ ಲೆಕ್ಕದಲ್ಲಿ. ಇವನ್ನು ಕೊಳ್ಳಬಹುದೆ, ಸಂಘದ ಮಳಿಗೆಯಲ್ಲೇ ತರಿಸಬಾರದೇಕೆ ಎಂದು ಕೇಳುವವರಿದ್ದಾರೆ. ಅವರನ್ನು ಶೋಕಿಯವರೆಂದು ತಳ್ಳಿಹಾಕುವುದು ಸರಿಯಲ್ಲ. ಮೊಂಡು ಕತ್ತಿಯಿಂದ ಆಳಿನ ಹೊತ್ತು ಹಾಳಾಗುವುದನ್ನೂ, ಸಿಗಿದ ರೆಕ್ಕೆಯ ಗಾಯ ಮಾಯದೆ ಗಿಡ ಸೊರಗುವುದನ್ನೂ ಕಂಡವರೇ ಒಳ್ಳೆಯ ಹತ್ಯಾರು ಬೇಕೆನ್ನುತ್ತಾರೆ. ಒಳ್ಳೆಯದಕ್ಕೆ ಹೆಚ್ಚು ಬೆಲೆ ಕೊಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಹೆಚ್ಚಿನ ಹಣ ಯಾವುದಕ್ಕೆ ಸಲ್ಲುತ್ತದೆಂದು ತಿಳಿದು ಕೊಡಬೇಕೆಂಬುದು ನಮ್ಮ ಅಭಿಪ್ರಾಯ.

ಕತ್ತಿಯಾಗಲಿ ಚಾಕುವಾಗಲಿ, ಅದರ ಗುಣ ನಿಂತಿರುವುದು ಮೂರರ ಮೇಲೆ: ಉಕ್ಕು, ಹದ ಮತ್ತು ಆಕಾರ. ಇಂಗಾಲದ ಅಂಶ ತೀರ ಕಡಮೆಯಿರುವ ಮೆತು ಕಬ್ಬಿಣ ಎಷ್ಟು ಕಾಯಿಸಿದರೂ ಗಡಸಾಗುವುದಿಲ್ಲ. ಲಾರಿಯ ಕಮಾನು ಪಟ್ಟಿಯ ಉಕ್ಕಿನಲ್ಲಿ ಇಂಗಾಲ ಸುಮಾರು ಶೇಕಡಾ 0.6ರಷ್ಟಿರುವುದರಿಂದಲೇ ನಮ್ಮ ಕಮ್ಮಾರರು ಅದನ್ನು ಮೆಚ್ಚುತ್ತಾರೆ. ಇಂಥ ಉಕ್ಕನ್ನು ಅಯಸ್ಕಾಂತ ಹಿಡಿಯದಷ್ಟು, ಅಂದರೆ ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ, ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಗಡಸಾಗುತ್ತದೆ. ಅಷ್ಟಕ್ಕೇ ಬಿಟ್ಟರೆ ಪೆಟ್ಟು ಬಿದ್ದಾಗ ಒಡೆಯುತ್ತದೆ. 200ರಿಂದ 300 ಡಿಗ್ರಿಯಷ್ಟು ಮತ್ತೊಮ್ಮೆ ಕಾಯಿಸಿದಾಗ ಗಡಸು ತುಸು ಇಳಿದು ತಾಳಿಕೆ ಬರುತ್ತದೆ. ಈ ಎರಡನೆಯ ಕಾಯಿಸುವಿಕೆಯಲ್ಲಿ ಅವಸರ ಮಾಡಿದ ಕತ್ತಿಯೇ ಹಲ್ಲು ಹಾರುವುದು.

ಬೆಲೆಯುಳ್ಳ ಚಾಕುಗಳ ಉಕ್ಕು ನಿಜಕ್ಕೂ ಉತ್ತಮವಾದದ್ದೆಂದು ಒಪ್ಪಬೇಕು. 440ಸಿ ಎಂಬ ಉಕ್ಕಿನಲ್ಲಿ ಇಂಗಾಲ ಶೇಕಡಾ 1ರ ಆಸುಪಾಸು, ಕ್ರೋಮಿಯಂ 16ರಿಂದ 18. ಡಿ2 ಎಂಬುದರಲ್ಲಿ ಇಂಗಾಲ ಸುಮಾರು 1.5, ಕ್ರೋಮಿಯಂ ಸುಮಾರು 12. ಇವುಗಳ ಬಾಯಿ ಬಹುಕಾಲ ಹರಿತವಾಗಿ ನಿಲ್ಲುತ್ತದೆ. ಆದರೆ ಅದೇ ಗಡಸುತನದಿಂದಾಗಿ ಮನೆಯ ಸಾಣೆಕಲ್ಲಿಗೆ ಸುಲಭವಾಗಿ ಬಗ್ಗುವುದಿಲ್ಲ, ಗಂಟುಮರಕ್ಕೆ ಹೊಡೆದರೆ ಬಾಯಿ ಚಕ್ಕೆಯೇಳುವ ಭಯವೂ ಇದೆ. ಅಲಗು ದಪ್ಪ, ಮೂತಿ ಚೂಪು, ಬೆನ್ನಿಗೋ ಬಾಯಿಗೋ ಗರಗಸದ ಹಲ್ಲು. ತೋಟದಲ್ಲಿ ನಮಗೆ ಬೇಕಾದುದು ಚಿಗುರನ್ನು ಬುಡಕ್ಕೆ ಸೇರಿಸಿ ಎಳೆದು ಕೊಯ್ಯುವ ಬಾಗಿದ ಬಾಯಿ, ಇಲ್ಲವೆ ಬೀಸಿ ಕಡಿಯಲು ತೂಕವಿರುವ ಅಲಗು. ಚುಚ್ಚುವ ಕೆಲಸ ನಮಗೇನಿದೆ?

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. 1959ರ ಆಯುಧ ಕಾಯಿದೆಯ ನಿಯಮಗಳು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳನ್ನು ಆಯುಧಗಳ ಪಟ್ಟಿಗೆ ಸೇರಿಸುವಾಗ ಮನೆಗೆಲಸಕ್ಕೂ ಕೃಷಿಗೂ ಮಾಡಿದವನ್ನು ಹೊರಗಿಟ್ಟಿವೆ. ಕಾದಾಟದ ಚಾಕುವೆಂದೇ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಿಕೊಂಡು ಬಂದ ಉದ್ದನೆಯ ಚಾಕುವಿಗೆ ಈ ವಿನಾಯಿತಿ ಕೇಳುವುದು ಕಷ್ಟ.

ಅಡಿಕೆ ಬೆಳೆಗಾರರಿಗೆ ನೆನಪಿಸಬೇಕಾದ ಮಾತೊಂದಿದೆ. ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಮಾಡಿ, ಉಜ್ಜಿ ಹೊಳಪಿಸಿದ ಕತ್ತಿಯ ಬಾಯನ್ನು ಅದರಲ್ಲಿ ಅದ್ದಿ ನೋಡುವ ರೂಢಿ ನಮ್ಮಲ್ಲಿದೆ. ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಇನ್ನೂ ಬೇಕೆಂದು ಅರ್ಥ. ತುಕ್ಕು ಹಿಡಿಯದ ಉಕ್ಕಿನ ಮೇಲೆ ಈ ಪರೀಕ್ಷೆಯನ್ನು ನಂಬುವಂತಿಲ್ಲ. ತುಕ್ಕು ಹಿಡಿಯುವುದೊಂದು ದೋಷವೆಂದು ನಾವು ಬಯ್ಯುವ ಸಾದಾ ಕತ್ತಿಯೇ ಇಲ್ಲಿ ಉಪಕಾರಿ.

ಹಾಗೆಂದು ಊರಿನ ಕತ್ತಿಯೆಲ್ಲ ಚಿನ್ನವೆಂದು ಹೇಳಲಾಗದು. ಹಳೆಯ ಕಮಾನು ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕಿರಬಹುದು. ಸಂತೆಯಲ್ಲಿ ಹೊಳಪು ಬಳಿದು ಮಾರುವ ಎಷ್ಟೋ ಕತ್ತಿಗಳು ಮೆತು ಕಬ್ಬಿಣದವು. ಕೊಳ್ಳುವಾಗ ಒಂದು ಹಳೆಯ ಅರವನ್ನು ಜೊತೆಗೆ ಒಯ್ಯಿರಿ. ಬಾಯಿಗೆ ಅರ ಹಾಕಿದಾಗ ಬೆಣ್ಣೆಯಂತೆ ತಿಂದರೆ ಆ ಕತ್ತಿ ಬೇಗನೆ ಮೊಂಡಾಗುತ್ತದೆ. ಅರ ಪೂರ್ತಿ ಜಾರಿಹೋದರೆ ಕಡಿಯುವ ಕೆಲಸಕ್ಕೆ ಅತಿ ಗಡಸು. ಒಲ್ಲದ ಮನಸ್ಸಿನಿಂದ ಅರಕ್ಕೆ ಸಿಕ್ಕುವ ಕತ್ತಿ ಹದವಾದದ್ದು.

ಹೆಸರಿನ ಮಹಿಮೆಗೆ 'ಡಮಾಸ್ಕಸ್' ಚಾಕುಗಳೇ ಸಾಕ್ಷಿ. ಹಿಂದಿನ ಕಾಲದ ಹೆಸರಾಂತ ಡಮಾಸ್ಕಸ್ ಖಡ್ಗಗಳಿಗೆ ಉಕ್ಕು ಹೋಗುತ್ತಿದ್ದುದು ನಮ್ಮ ದಕ್ಷಿಣ ಭಾರತದಿಂದ. ಇಂಗ್ಲಿಷಿನವರು ಅದನ್ನು 'ವೂಟ್ಸ್' ಎಂದು ಕರೆದದ್ದು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಎಂದು ವಿದ್ವಾಂಸರು ಹೇಳುತ್ತಾರೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದರ ಬಗ್ಗೆ ಪ್ರಬಂಧ ಓದಿದರು. ಇಂದು ಆ ಹೆಸರಿನಲ್ಲಿ ಮಾರುವ ಚಾಕುಗಳಲ್ಲಿ ಬಹುಪಾಲು ಎರಡು ಬಗೆಯ ಉಕ್ಕಿನ ಪದರಗಳನ್ನು ಬೆಸೆದು ಆಮ್ಲದಿಂದ ಗೆರೆ ಎಬ್ಬಿಸಿದವು. ಕೆಲವದರಲ್ಲಿ ಗೆರೆ ಬರಿಯ ಮೇಲ್ಮೈಯದು.

ಕಣ್ಣಿಗೆ ಕಾಣದ ಗುಣಕ್ಕೆ ಹಣ ಕೊಟ್ಟು ರೈತ ಕೊಳ್ಳುವ ಇನ್ನೊಂದು ಪದಾರ್ಥ ಬಿತ್ತನೆ ಬೀಜ. ರಾಯಚೂರು ಜಿಲ್ಲೆ ಸಿಂಧನೂರು ಸೀಮೆಯ ಜವಳಗೇರಾ ನಮ್ಮಂತೆ ತೋಟದ ನಾಡಲ್ಲ, ತುಂಗಭದ್ರಾ ಎಡದಂಡೆಯ ಭತ್ತದ ನಾಡು. ಅಲ್ಲಿ ರಾಷ್ಟ್ರೀಯ ಬೀಜ ನಿಗಮದ ದೊಡ್ಡ ಫಾರಂ ಇದೆ. ಇಂಥಲ್ಲಿಂದ ಹೊರಡುವ ಬೀಜದ ಚೀಲಕ್ಕೆ ಚೀಟಿ ಇರುತ್ತದೆ: ಬ್ರೀಡರ್ ಬೀಜಕ್ಕೆ ಹಳದಿ, ಫೌಂಡೇಷನ್ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ. ಪ್ರಮಾಣಿತ ಭತ್ತವೆಂದರೆ ನೂರಕ್ಕೆ 80 ಕಾಳಾದರೂ ಮೊಳೆಯಬೇಕು. 1966ರ ಬೀಜ ಕಾಯಿದೆ ಬಂದ ಮೇಲೆ ಚೀಲದೊಳಗಿನ ಗುಣಕ್ಕೆ ಹೊಣೆ ಹೊರುವವರು ಯಾರೆಂದು ರೈತನಿಗೆ ಗೊತ್ತಾಗುತ್ತದೆ. ನಾವು ಕೊಳ್ಳುವ ಕತ್ತಿಗೆ ಅಂಥ ಚೀಟಿಯಿಲ್ಲ. ಆ ಜಾಗವನ್ನು ಕಂಪೆನಿಯ ಹೆಸರು ತುಂಬಿದೆ. ಯಾವ ಉಕ್ಕು, ಎಷ್ಟು ಗಡಸು, ಬಿಡಿಭಾಗ ಸಿಗುತ್ತದೆಯೆ ಎಂಬುದನ್ನು ಬರೆದುಕೊಡುವ ಕಂಪೆನಿಯ ಹೆಸರಿಗೆ ಬೆಲೆಯುಂಟು. ಉಳಿದದ್ದು ಬಣ್ಣದ ಪೆಟ್ಟಿಗೆ.

ಈ ಅಳತೆಗೋಲಿನಿಂದ ನೋಡಿದರೆ ಬೆಲೆಗೆ ತಕ್ಕ ಹತ್ಯಾರುಗಳೂ ಇವೆ. 1945ರಲ್ಲಿ ಆರಂಭವಾದ ಸ್ವಿಟ್ಜರ್‌ಲೆಂಡಿನ ಫೆಲ್ಕೊ ಕಂಪೆನಿಯ ಕಸಿ ಕತ್ತರಿಯಲ್ಲಿ ಅಲಗು, ಸ್ಪ್ರಿಂಗ್ ಎಲ್ಲವನ್ನೂ ಬಿಡಿಯಾಗಿ ಬದಲಾಯಿಸಬಹುದು. ಒಂದು ಲೆಕ್ಕ ಹಾಕೋಣ. 700 ರೂಪಾಯಿಯ ಕತ್ತಿ 2 ವರ್ಷ ಬಂದರೆ ವರ್ಷಕ್ಕೆ 350. ಒಳ್ಳೆಯ ಕತ್ತರಿಗೆ 6,000 ಕೊಟ್ಟು ಅದು 12 ವರ್ಷ ಬಂದರೆ ವರ್ಷಕ್ಕೆ 500, ಬಿಡಿಭಾಗದ ಖರ್ಚು ಬೇರೆ. ವ್ಯತ್ಯಾಸವಾದ 150 ರೂಪಾಯಿ ಆಳಿನ ಅರ್ಧ ದಿನದ ಕೂಲಿಗೂ ಸಾಲದು. ಒಂದೇ ಕಸಿಯಲ್ಲಿ ಅದು ತೀರಬಹುದು. 12,000 ರೂಪಾಯಿಯ ಟ್ಯಾಕ್ಟಿಕಲ್ ಚಾಕು 12 ವರ್ಷ ಬಂದರೂ ವರ್ಷಕ್ಕೆ 1,000. ಅದರ ಮೇಲೆ ಕತ್ತಿಯನ್ನೂ ಕೊಳ್ಳಲೇಬೇಕು.

ಆದುದರಿಂದ ಟ್ಯಾಕ್ಟಿಕಲ್ ಚಾಕುಗಳನ್ನು ಸಂಘದ ಮಳಿಗೆಗೆ ತರುವುದು ಬೇಡವೆಂದೇ ನಮ್ಮ ಸಲಹೆ. ಬದಲಾಗಿ ಒಳ್ಳೆಯ ಕಸಿ ಕತ್ತರಿ, ಗರಗಸಗಳನ್ನು ಬಿಡಿಭಾಗಗಳ ಸಮೇತ ಸಗಟಾಗಿ ತರಿಸಲಿ. ಕುಲುಮೆ ಆರದೆ ಉಳಿದಿರುವ ಕಮ್ಮಾರರಿಗೆ ಗೊತ್ತಾದ ಉಕ್ಕನ್ನು ಸಂಘವೇ ಒದಗಿಸಿ, ಮುಂಗಡ ಕೊಟ್ಟು, ಹೆಸರು ಒತ್ತಿಸಿ ಕತ್ತಿ ಮಾಡಿಸಲಿ. ಪ್ರತಿ ತಂಡದಿಂದ ಒಂದೆರಡನ್ನು ಹತ್ತಿರದ ಪಾಲಿಟೆಕ್ನಿಕ್ಕಿನಲ್ಲಿ ಗಡಸು ಪರೀಕ್ಷೆಗೆ ಕೊಟ್ಟು, ಬಂದ ಅಂಕವನ್ನು ಚೀಟಿಯಲ್ಲಿ ಬರೆದು ಕಟ್ಟಲಿ. ನಾವು ಕತ್ತಿಗೆ ನ್ಯಾಯವಾದ ಬೆಲೆ ಕೊಡದಿದ್ದರೆ ಕಮ್ಮಾರನ ಮಗ ಆ ಕಸುಬಿಗೆ ಬರುವುದಿಲ್ಲ. ಆಮೇಲೆ ಹೆಸರಿನವರು ಹೇಳಿದ್ದೇ ಬೆಲೆ. ಮುಂದಿನ ಮಹಾಸಭೆಯಲ್ಲಿ ಸದಸ್ಯರು ಈ ವಿಷಯವನ್ನು ಎತ್ತಿ, ತಮ್ಮ ಅನುಭವವನ್ನೂ ಹೇಳಬೇಕೆಂದು ಕೋರುತ್ತೇವೆ.