ಗದ್ದಲವೂ ಸಂಗೀತದ ಭಾಗವೇ

ಕೆನಡಾದ ಪ್ರೊಗ್ರೆಸಿವ್ ರಾಕ್ ತಂಡ ರಶ್‌ನ ‘ವೈ ವೈ ಝಡ್’ ನನಗೆ ತುಂಬಾ ಇಷ್ಟ. ಅದರಲ್ಲಿ ಸಾಹಿತ್ಯವೇ ಇಲ್ಲ. ಹೆಸರು ಟೊರೊಂಟೊ ವಿಮಾನ ನಿಲ್ದಾಣದ ಕೋಡ್. ಆ ಮೂರು ಅಕ್ಷರಗಳ ಮೋರ್ಸ್ ಸಂಕೇತವೇ ಆರಂಭದ ತಾಳ.

1981ರ ‘ಮೂವಿಂಗ್ ಪಿಕ್ಚರ್ಸ್’ ಸ್ಟುಡಿಯೊ ಆಲ್ಬಂನಲ್ಲಿ ಗಿಟಾರ್, ಬೇಸ್, ಡ್ರಮ್ಸ್ ಎಲ್ಲವೂ ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಕೇಳುತ್ತವೆ. 2002ರಲ್ಲಿ ಬ್ರೆಜಿಲ್‌ನಲ್ಲಿ ರೆಕಾರ್ಡ್ ಆದ ‘ರಶ್ ಇನ್ ರಿಯೊ’ ಲೈವ್ ಆಲ್ಬಂ ಹಾಗಲ್ಲ. ಅದರ ತುಂಬಾ ಜನರ ಗದ್ದಲ. “ಇದನ್ನ ಯಾಕೋ ಕೇಳ್ತೀಯಾ?” ಎಂದು ನನ್ನ ಗೆಳೆಯ ನಗುತ್ತಾನೆ.

ಆದರೆ ಆ ಗದ್ದಲವನ್ನೇ ಗಮನಿಸಿ ಕೇಳಿ. ಪದಗಳೇ ಇಲ್ಲದ ಟ್ಯೂನನ್ನು ಜನ ಒಟ್ಟಾಗಿ ಹಾಡುತ್ತಿದ್ದಾರೆ! ಅವರ ಭಾಷೆ ಪೋರ್ಚುಗೀಸ್, ತಂಡದ್ದು ಇಂಗ್ಲಿಷ್. ಅಲ್ಲಿ ಯಾವ ಭಾಷೆಯೂ ಬೇಕಾಗಲಿಲ್ಲ.

ನಮ್ಮ ಮನೆಯಲ್ಲಿ ಅಬ್ಬು ಹಳೆಯ ಮುಶಾಯಿರಾಗಳ ರೆಕಾರ್ಡಿಂಗ್ ಹಾಕುತ್ತಾರೆ. ಅವುಗಳಿಂದ ಕೇಳುಗರ ‘ವಾಹ್ ವಾಹ್’ ತೆಗೆದರೆ ಶಾಯರಿ ಉಳಿಯುತ್ತದೆ, ಮುಶಾಯಿರಾ ಉಳಿಯುವುದಿಲ್ಲ. ಲೈವ್ ಆಲ್ಬಂ ಕೂಡ ಹಾಗೆಯೇ.

ನುಡಿಸುವವರ ಕೈಚಳಕ ತಿಳಿಯಲು ಸ್ಟುಡಿಯೊ ಆಲ್ಬಂ ಕೇಳೋಣ. ಆ ಸಂಗೀತ ಜನರ ಮನಸ್ಸಿನಲ್ಲಿ ಎಷ್ಟು ಇಳಿದಿದೆ ಎಂದು ತಿಳಿಯಲು ಲೈವ್ ಆಲ್ಬಂ ಬೇಕು. ಗದ್ದಲವಿದೆ ಎಂದು ಅದರ ಅಂಕ ಕಳೆಯುವುದು ಸರಿಯಲ್ಲ.