ಗುಣವಾದವಳಿಗೆ ಮನೆ ಎಲ್ಲಿ?

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ನಗುತ್ತಾ ಹೇಳುತ್ತೇವೆ. ಮದುವೆಯಾದ ಮೇಲೆ ಕಟ್ಟುವ ಹುಚ್ಚಿನ ಪಟ್ಟಕ್ಕೆ ಮಾತ್ರ ಗಾದೆಯಿಲ್ಲ.

ವರದಕ್ಷಿಣೆಯ ಬಾಕಿ ತರದ ಸೊಸೆಯನ್ನು ತವರಿಗೆ ಅಟ್ಟಲು ‘ಅವಳಿಗೆ ತಲೆ ಸರಿಯಿಲ್ಲ’ ಎಂಬ ಒಂದು ಮಾತು ಸಾಕು. ಹೊಡೆತ, ಉಪವಾಸ, ನಿದ್ದೆಯಿಲ್ಲದ ರಾತ್ರಿಗಳಿಂದ ಅವಳ ಮನಸ್ಸು ನಿಜಕ್ಕೂ ಕೆಟ್ಟಿದ್ದರೆ, ಕೆಡಿಸಿದವರೇ ಅದನ್ನು ವಿಚ್ಛೇದನಕ್ಕೆ ಕಾರಣವಾಗಿ ಕೋರ್ಟಿಗೆ ಒಯ್ಯುತ್ತಾರೆ. ತವರಿನಲ್ಲಿ ತಂದೆತಾಯಿ ಇರುವಷ್ಟು ದಿನ ಒಂದು ಮೂಲೆ. ಆಮೇಲೆ ಬಸ್ ನಿಲ್ದಾಣ, ದೇವಸ್ಥಾನದ ಮೆಟ್ಟಿಲು, ಕೊನೆಗೆ ಆಸ್ಪತ್ರೆಯ ವಾರ್ಡು. ಅಲ್ಲಿ ಅವಳು ಗುಣವಾಗುತ್ತಾಳೆ. ಕರೆದೊಯ್ಯಲು ಯಾರೂ ಬರುವುದಿಲ್ಲ. ವಾರ್ಡೇ ಅವಳ ಮನೆಯಾಗುತ್ತದೆ.

ಕಾನೂನು ಇದನ್ನು ಒಪ್ಪುವುದಿಲ್ಲ. ಕುಟುಂಬವಿಲ್ಲ, ಕುಟುಂಬ ಒಪ್ಪುತ್ತಿಲ್ಲ, ಮನೆಯಿಲ್ಲ ಎಂಬ ಕಾರಣಕ್ಕೇ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಬಾರದು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯಿದೆಯ 19ನೇ ಕಲಮು. ಅಂಥವರಿಗೆ ಗುಂಪು ಮನೆಗಳಂಥ ವ್ಯವಸ್ಥೆ ಮಾಡುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸುತ್ತದೆ.

ಇದು ಆಗದ ಕೆಲಸವೇನಲ್ಲ. ಬೀದಿಪಾಲಾದ ಮಾನಸಿಕ ಅಸ್ವಸ್ಥ ಮಹಿಳೆಯರಿಗಾಗಿ ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ 1993ರಲ್ಲಿ ಚೆನ್ನೈಯಲ್ಲಿ ‘ದ ಬ್ಯಾನಿಯನ್’ ಆರಂಭಿಸಿದರು. 2015ರಲ್ಲಿ ಅದೇ ಸಂಸ್ಥೆ ‘ಹೋಮ್ ಅಗೇನ್’ ಶುರುಮಾಡಿತು. ಎಲ್ಲರಂತೆ ಊರ ನಡುವೆ ಒಂದು ಬಾಡಿಗೆ ಮನೆ, ಅದರಲ್ಲಿ ನಾಲ್ಕೈದು ಮಂದಿ, ಅಗತ್ಯವಿದ್ದಷ್ಟು ನೆರವಿಗೆ ಕಾರ್ಯಕರ್ತೆಯರು. ಅಡುಗೆ ಏನೆಂದು ತೀರ್ಮಾನಿಸುವವರು ಅಲ್ಲಿ ವಾಸಿಸುವವರೇ.

ನಮ್ಮನ್ನೂ ಕೇಳಿಕೊಳ್ಳೋಣ. ಹೊಡೆತ ತಿಂದು ಬಂದವಳಿಗೆ ಬಾಗಿಲು ತೆರೆಯುವ ನಾವು, ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳುವವಳು ಬಂದಾಗ ‘ಇದು ನಮ್ಮಿಂದಾಗದು’ ಎಂದು ಆಸ್ಪತ್ರೆಯ ದಾರಿ ತೋರಿಸಿಲ್ಲವೇ? ಗಂಡನ ಮನೆಯವರು ಕೂಗಿ ಹೇಳಿದ್ದನ್ನೇ ನಾವು ಮೆಲ್ಲಗೆ ಹೇಳಿದಂತಾಗಲಿಲ್ಲವೇ?

2005ರ ಕೌಟುಂಬಿಕ ಹಿಂಸೆ ಕಾಯಿದೆ ಹೆಣ್ಣಿಗೆ ವಾಸದ ಹಕ್ಕು ಕೊಟ್ಟಿತು. ಅದರಡಿ ನ್ಯಾಯಾಲಯ ಬೇರೆ ಮನೆಯ ಬಾಡಿಗೆಯನ್ನೂ ಕೊಡಿಸಬಹುದು. ಆದರೆ ಮಾತ್ರೆ ನೆನಪಿಸಲು, ಬ್ಯಾಂಕಿಗೆ ಜೊತೆ ಹೋಗಲು ಒಬ್ಬರಿಲ್ಲದಿದ್ದರೆ ಆ ಮನೆಯಲ್ಲಿ ಅವಳು ಎಷ್ಟು ದಿನ ಉಳಿದಾಳು?

ಆದ್ದರಿಂದ ನಮ್ಮ ಬೇಡಿಕೆ: ಪ್ರತಿ ಜಿಲ್ಲೆಯಲ್ಲೂ ಇಂಥ ಮನೆಗಳು ಬೇಕು. ಬಿಟ್ಟುಹೋಗುವ ಗಡುವು ಇರಬಾರದು. ನೆರವಿನ ಕಾರ್ಯಕರ್ತೆಗೆ ‘ಸೇವೆ’ ಎಂಬ ಹೊಗಳಿಕೆಯ ಬದಲು ಸಂಬಳ ಸಿಗಬೇಕು. ಬೀಗದ ಕೈ ವಾರ್ಡನ್ನಿನ ಸೊಂಟದಲ್ಲಲ್ಲ, ಅಲ್ಲಿ ವಾಸಿಸುವ ಹೆಣ್ಣಿನ ಕೈಯಲ್ಲಿರಬೇಕು.